ಬಂಡೆಗೆ ಬಡಿಯದ ಬೋಟು

ಕಾಪುವಿನ ಹತ್ತಿರ ಸಮುದ್ರದಲ್ಲಿ ಮೀನಿನ ಬೋಟೊಂದು ಮುಳುಗಿದ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಕಾರ್ಕಳದಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ. ಹಿಂದಿನ ಸೀಟಿನ ಇಬ್ಬರು ಹೆಂಗಸರು ಅದನ್ನೇ ಮಾತಾಡಿಕೊಳ್ಳುತ್ತಿದ್ದರು. ಬೋಟಿನಲ್ಲಿದ್ದವರನ್ನೆಲ್ಲ ಹತ್ತಿರವೇ ಇದ್ದ ಇನ್ನೊಂದು ಬೋಟಿನವರು ಎತ್ತಿಕೊಂಡು ಬದುಕಿಸಿದರಂತೆ. ಬೋಟು ನಡೆಸುತ್ತಿದ್ದ ತಾಂಡೇಲ ಬಂಡೆಗೆ ಹೊಡೆಸಿಬಿಟ್ಟನಂತೆ. "ಅಷ್ಟು ವರ್ಷದ ಅನುಭವ ಉಂಟು, ಕಣ್ಣು ಎಲ್ಲಿತ್ತೋ ಏನೋ" ಎಂದು ಒಬ್ಬರು ಹೇಳಿ ಮಾತು ಮುಗಿಸಿದರು. ನಾನು ಕಿಟಕಿಯ ಹೊರಗೆ ನೋಡುತ್ತ ಅದನ್ನು ಮರೆತೂಬಿಟ್ಟೆ.

ಆ ವಾರವೇ ಕ್ಯಾಪ್ಟನ್ ಅವರ ಫೋನು ಬಂತು. ಅವರು ಕಟಪಾಡಿಯವರು, ದೊಡ್ಡ ಹಡಗುಗಳನ್ನು ನಡೆಸಿ ನಿವೃತ್ತರಾದವರು. ನಾನು ಪಾಠ ಮಾಡುವ ಮಣಿಪಾಲದ ಕಾಲೇಜಿಗೆ ಒಮ್ಮೆ ಭಾಷಣಕ್ಕೆ ಬಂದಿದ್ದಾಗ ಪರಿಚಯವಾಗಿತ್ತು. ಬೋಟು ಮುಳುಗಿದ ಕಾರಣ ಪತ್ತೆ ಹಚ್ಚುವ ಕೆಲಸ ಅವರಿಗೆ ಬಂದಿತ್ತು.

"ಮೇಡಂ, ನೀವು ಲೋಹದ ಪಾಠ ಮಾಡುವವರಲ್ವಾ? ಒಮ್ಮೆ ಬಂದು ನೋಡಬೇಕು."

"ಬಂಡೆಗೆ ಹೊಡೆದದ್ದಂತೆ ಅಲ್ವಾ, ಸರ್?"

"ಹಾಗೆ ಎಲ್ಲರೂ ಹೇಳುತ್ತಾರೆ. ತಾಂಡೇಲರೂ ಹಾಗೆಯೇ ಹೇಳುತ್ತಾರೆ. ಹಾಗಾಗಿಯೇ ಒಮ್ಮೆ ನೋಡುವ ಎಂದದ್ದು."

ಬಿರುಕು ಬಿಟ್ಟ ಲೋಹದ ಚೂರುಗಳನ್ನು ಮಕ್ಕಳಿಗೆ ತೋರಿಸುತ್ತ ವರ್ಷಗಳನ್ನು ಕಳೆದವಳು ನಾನು. ಆದರೆ ನಿಜವಾದ ಅಪಘಾತವೊಂದರ ಮುಂದೆ ನಿಂತವಳಲ್ಲ. ಹೋಗುವ ದಿನ ಬೆಳಿಗ್ಗೆ ಟಾರ್ಚು, ಪುಸ್ತಕಗಳನ್ನು ಎರಡೆರಡು ಸಲ ಚೀಲದಿಂದ ತೆಗೆದು ಮತ್ತೆ ತುಂಬಿದೆ. ಶಾಲಾ ಪ್ರವಾಸಕ್ಕೆ ಹೊರಟ ಹುಡುಗಿಯ ಹಾಗಿತ್ತು ನನ್ನ ಅವಸ್ಥೆ.

ಮುಳುಗಿದ ಬೋಟನ್ನು ನೀರಿನಿಂದ ಎತ್ತಿಸಿ ಹೆಜಮಾಡಿಯ ಮರಳಿನ ಮೇಲೆ ಎಳೆದು ಹಾಕಿದ್ದರು. ಮರದ ಬೋಟು, ಒಂದು ಬದಿಗೆ ವಾಲಿತ್ತು. ಅದರ ಮಾಲೀಕರು ಕಾಪುವಿನ ಬ್ಯಾರಿ ಕುಟುಂಬದವರು. ಗಲ್ಫಿನಲ್ಲಿ ದುಡಿದು ಬಂದು ಈ ಬೋಟು ಕಟ್ಟಿಸಿದ್ದರು. ನಮ್ಮನ್ನು ಕಂಡದ್ದೇ ಬಂದು ಅಡಿಯಲ್ಲಿ ಸೀಳಿದ ಹಲಗೆಯನ್ನು ತೋರಿಸಿದರು.

"ನೋಡಿ, ಇಲ್ಲಿಯೇ ಬಂಡೆ ತಾಗಿದ್ದು. ಇನ್ನು ಎಂತ ತನಿಖೆ ಮಾರಾಯ್ರೇ?"

ಸೀಳು ದೊಡ್ಡದೇ ಇತ್ತು. ನನಗೂ ಹಾಗೆಯೇ ಅನಿಸಿತು. ಕ್ಯಾಪ್ಟನ್ ಮಾತ್ರ ಮರಳಿನಲ್ಲಿ ಮಂಡಿಯೂರಿ, ಸೀಳಿನ ಸುತ್ತ ಬಣ್ಣ ಕೆತ್ತಿಹೋದ ಗೀರುಗಳನ್ನು ನೋಡುತ್ತಾ ಕುಳಿತರು.

"ಬೋಟನ್ನು ಎಳೆದದ್ದು ಹೇಗೆ? ಮೂತಿ ಮುಂದೆಯಾ, ಹಿಂಭಾಗ ಮುಂದೆಯಾ?"

"ಹಿಂಭಾಗಕ್ಕೆ ಹಗ್ಗ ಕಟ್ಟಿ ಎಳೆದದ್ದು" ಎಂದರು ಮಾಲೀಕರು.

ಕ್ಯಾಪ್ಟನ್ ನನ್ನನ್ನು ಹತ್ತಿರ ಕರೆದರು. ಸುಲಿದುಹೋದ ಬಣ್ಣವೆಲ್ಲ ಬೋಟಿನ ಮೂತಿಯ ಕಡೆಗೆ ಸುರುಳಿ ಸುತ್ತಿಕೊಂಡಿತ್ತು. ಮುಂದಕ್ಕೆ ಓಡುವ ಬೋಟಿಗೆ ಬಂಡೆ ತಾಗಿದ್ದರೆ ಬಣ್ಣ ಹಿಂದಕ್ಕೆ ಸುಲಿಯಬೇಕಿತ್ತು. ಹಿಂಭಾಗ ಮುಂದಾಗಿ ಎಳೆದಾಗ ಮಾತ್ರ ಹೀಗಾಗಲು ಸಾಧ್ಯ. ಹಲಗೆ ಒಡೆದದ್ದು ಸಮುದ್ರದಲ್ಲಿ ಅಲ್ಲ, ದಡಕ್ಕೆ ಎಳೆದು ತರುವಾಗ.

ಹಾಗಾದರೆ ನೀರು ಒಳಗೆ ಬಂದದ್ದು ಎಲ್ಲಿಂದ?

ನಾವು ತಾಂಡೇಲರ ಮನೆಗೆ ನಡೆದೆವು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಮನುಷ್ಯ. ಜಗಲಿಯಲ್ಲಿ ಕುಳಿತವರು ನಮ್ಮನ್ನು ಕಂಡು ಎದ್ದು ನಿಂತರೂ ಮುಖ ಎತ್ತಲಿಲ್ಲ.

"ತಪ್ಪು ನನ್ನದೇ, ಸರ್. ಶಬ್ದ ಕೇಳಿತು. ಬಂಡೆಯೇ ಇರಬೇಕು. ಬರೆದುಕೊಳ್ಳಿ."

"ಯಾರ ತಪ್ಪು ಎಂದು ಕೇಳಲು ನಾವು ಬಂದದ್ದಲ್ಲ" ಎಂದರು ಕ್ಯಾಪ್ಟನ್. "ಆ ದಿನ ಬೆಳಿಗ್ಗೆ ಎಂತೆಂತ ಆಯಿತು ಅಂತ ಹೇಳಿ, ಸಾಕು. ಚಾ ಕುಡಿದದ್ದನ್ನೂ ಬಿಡಬೇಡಿ."

ಹಾಗೆಂದದ್ದೇ ಒಳ್ಳೆಯದಾಯಿತು. ತಾಂಡೇಲರು ನಿಧಾನವಾಗಿ ಹೇಳುತ್ತ ಹೋದರು. ಸಮುದ್ರ ಶಾಂತವಿತ್ತು. ಚಾ ಬಂತು. ಗ್ಲಾಸನ್ನು ಸ್ಟಿಯರಿಂಗಿನ ಮುಂದಿನ ಹಲಗೆಯ ಮೇಲಿಟ್ಟರು. ಅದು ಜಾರಿ ಎಡಕ್ಕೆ ಹೋಗಿ ಬಿತ್ತು. ಹೆಕ್ಕಲು ಬಗ್ಗಿದಾಗ ಕೆಳಗಿನಿಂದ ದಡಾರೆಂದು ಶಬ್ದ ಕೇಳಿತು.

"ಗ್ಲಾಸು ಬಿದ್ದದ್ದು ಶಬ್ದಕ್ಕಿಂತ ಮೊದಲಾ?" ನಾನು ತಡೆಯಲಾರದೆ ಕೇಳಿಬಿಟ್ಟೆ.

ಅವರು ಮೊದಲ ಬಾರಿಗೆ ನನ್ನ ಮುಖ ನೋಡಿದರು. "ಮೊದಲೇ. ಹೌದು, ಮೊದಲೇ ಬಿತ್ತು."

ಅಂದರೆ ಶಬ್ದ ಬರುವ ಮೊದಲೇ ಬೋಟು ವಾಲಿತ್ತು, ಆಗಲೇ ಒಳಗೆ ನೀರು ತುಂಬುತ್ತಿತ್ತು. ಆ ಶಬ್ದ ಬೋಟು ವಾಲಿದಾಗ ಮೀನಿನ ಪೆಟ್ಟಿಗೆಗಳು ಒಟ್ಟಿಗೆ ಜಾರಿ ಬದಿಗೆ ಬಡಿದದ್ದಿರಬೇಕು. ಜನ ಬಂಡೆ ಬಂಡೆ ಎಂದು ಹೇಳಿ ಹೇಳಿ, ಕೊನೆಗೆ ಇವರಿಗೂ ಆ ಬಂಡೆ ಕಾಣತೊಡಗಿತ್ತು. ಆದರೆ ಕ್ಯಾಪ್ಟನ್ ಅವಸರ ಮಾಡಲಿಲ್ಲ. "ಇನ್ನೂ ನೋಡುವುದು ಉಂಟು" ಎಂದಷ್ಟೇ ಹೇಳಿ ಎದ್ದರು.

ಮತ್ತೆ ಬೋಟಿಗೆ ಹೋಗಿ ಇಂಜಿನ್ ಕೋಣೆಗೆ ಇಳಿದೆವು. ಡೀಸೆಲ್ಲು, ಕೆಸರು, ಕೊಳೆತ ಮೀನಿನ ವಾಸನೆ. ಇಂಜಿನನ್ನು ತಣಿಸಲು ಸಮುದ್ರದ ನೀರನ್ನು ಒಳಗೆ ಎಳೆದುಕೊಳ್ಳುವ ಪೈಪೊಂದು ಬೋಟಿನ ಅಡಿಯನ್ನು ತೂರಿ ಬಂದಿರುತ್ತದೆ. ಅದು ಅಡಿಗೆ ಸೇರುವ ಜಾಗದಲ್ಲಿ, ಹಲಗೆಯ ಮಟ್ಟಕ್ಕೇ ಮುರಿದಿತ್ತು. ಟಾರ್ಚು ಹಿಡಿದು ಮುರಿದ ಅಂಚನ್ನು ನೋಡಿದೆ. ಹೊರಗೆ ಹಿತ್ತಾಳೆಯ ಹಳದಿ. ಒಳಗೆ ಮಾತ್ರ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪು. ಉಗುರಿನಿಂದ ಕೆರೆದರೆ ರಸ್ಕಿನ ಹಾಗೆ ಪುಡಿ ಉದುರಿತು.

"ಸರ್" ಎಂದೆ. ಆ ಕೆಂಪು ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ.

ಆ ತುಂಡನ್ನು ಮಣಿಪಾಲಕ್ಕೆ ತಂದು, ಮರುದಿನ ಬೆಳಿಗ್ಗೆ ಕತ್ತರಿಸಿ ನಯಗೊಳಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು ಸೇರಿದ ಲೋಹ. ಸಾಮಾನ್ಯ ಹಿತ್ತಾಳೆ ಉಪ್ಪುನೀರಿನಲ್ಲಿ ಬಹುಕಾಲ ಇದ್ದರೆ ಸತು ಕರಗಿಹೋಗುತ್ತದೆ. ಆಕಾರ ಹಾಗೆಯೇ ಉಳಿಯುತ್ತದೆ, ಗಟ್ಟಿತನ ಉಳಿಯುವುದಿಲ್ಲ. ಅಂಥ ಜಾಗಕ್ಕೆ ಕಂಚು ಬೇಕು. ಅಂಗಡಿಯಲ್ಲಿ ಎರಡೂ ನೋಡಲು ಒಂದೇ ತರಹ. ಪುಸ್ತಕದ ಚಿತ್ರದಲ್ಲಿ ಎಷ್ಟೋ ಸಲ ತೋರಿಸಿದ್ದ ತೂತು ತೂತಾದ ಕೆಂಪು ಲೋಹ ಈಗ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಕುರ್ಚಿಯಿಂದ ಎದ್ದು "ಸಿಕ್ಕಿತು!" ಎಂದು ಕೂಗಿದ್ದಕ್ಕೆ ಪಕ್ಕದ ಕೋಣೆಯ ಸಹೋದ್ಯೋಗಿ ಏನಾಯಿತೋ ಎಂದು ಓಡಿ ಬಂದರು.

ಕ್ಯಾಪ್ಟನ್ ಅವರಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಇಂಥದ್ದು ಬೇರೆ ಯಾವ ಬೋಟಿನಲ್ಲಿ ಉಂಟು?"

ಆ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಮಾಲೀಕರಿಗೆ ಫೋನು ಹೋಯಿತು. ಅವರು ತುಸು ಯೋಚಿಸಿ, "ನನ್ನ ತಮ್ಮನ ಬೋಟಿನದ್ದು ಒಟ್ಟಿಗೇ ರಿಪೇರಿ ಮಾಡಿಸಿದ್ದು. ಒಂದೇ ಅಂಗಡಿಯ ಸಾಮಾನು" ಎಂದರು. ಆಮೇಲೆ ದನಿ ಬದಲಾಯಿತು. "ಅದು ಇವತ್ತು ಮಧ್ಯಾಹ್ನ ಹೊರಡುವುದು. ಐಸ್ ತುಂಬಿಸುತ್ತಾ ಉಂಟು."

ಮಣಿಪಾಲದಿಂದ ಹೆಜಮಾಡಿಗೆ ಆ ದಿನ ಕಾರು ಓಡಿಸಿದ ಹಾಗೆ ನಾನು ಮತ್ತೆಂದೂ ಓಡಿಸಿಲ್ಲ. ಕಟಪಾಡಿಯಲ್ಲಿ ಕ್ಯಾಪ್ಟನ್ ರಸ್ತೆ ಬದಿಯಲ್ಲೇ ನಿಂತಿದ್ದರು. ಬಸ್ಸು, ರಿಕ್ಷಾಗಳ ನಡುವೆ ನಿಲ್ಲಿಸಿ ಹತ್ತಿಸಿಕೊಂಡೆ. ಹೆಜಮಾಡಿಯ ಹೊಳೆಯ ದಡ ತಲುಪುವಾಗ ಬೋಟು ಕಟ್ಟಿದಲ್ಲೇ ಇತ್ತು. ಮಾಲೀಕರ ತಮ್ಮ ಹೊರಡುವುದನ್ನು ನಿಲ್ಲಿಸಿದ್ದರು. ಕ್ಯಾಪ್ಟನ್ ಹೇಳಿ ಕಳುಹಿಸಿದ್ದರಿಂದ ಮುಳುಗಿದ ಬೋಟಿನ ತಾಂಡೇಲರೂ ಮರದ ಬೆಣೆ, ಸುತ್ತಿಗೆ, ಹಳೆಯ ಬಟ್ಟೆ ಹಿಡಿದುಕೊಂಡು ಬಂದಿದ್ದರು.

ನೀರಿನಲ್ಲಿರುವ ಬೋಟಿನ ಪೈಪಿಗೆ ಕೈ ಹಾಕುವುದು ಆಟವಲ್ಲ. ಇಂಜಿನ್ ಕೋಣೆಯಲ್ಲಿ ನಾನೂ ತಾಂಡೇಲರೂ ಪಕ್ಕಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆವು. ಚಾಕುವಿನ ತುದಿಯಿಂದ ಮೆಲ್ಲಗೆ ಕೆರೆದೆ. ಹಳದಿ. ಇನ್ನೊಂದು ಕಡೆ ಕೆರೆದೆ. ಅಲ್ಲೂ ಹಳದಿ. ಮೇಲಿನಿಂದ ಯಾರೋ "ಎಂತ ಆಯಿತು?" ಎಂದು ಕೇಳಿದರು. ಪೈಪಿನ ಹಿಂಬದಿಗೆ, ಅಡಿಗೆ ಸೇರುವಲ್ಲಿಗೆ ಚಾಕು ಮುಟ್ಟಿಸಿದೆ. ತುದಿ ಮೆದುವಾಗಿ ಒಳಗೆ ಹೋಯಿತು. ಕೆಂಪು ಪುಡಿ ಉದುರಿತು, ಅದರ ಹಿಂದೆಯೇ ನೀರು ಕಾರಂಜಿಯ ಹಾಗೆ ನನ್ನ ಕನ್ನಡಕಕ್ಕೆ ಚಿಮ್ಮಿತು.

"ಕೈ ತೆಗೀರಿ ಮೇಡಂ!"

ನಾನು ಹಿಂದೆ ಸರಿಯುವಷ್ಟರಲ್ಲಿ ಪೈಪು ಮುರಿದೇ ಹೋಯಿತು. ನೀರು ಬುಸ್ಸೆಂದು ನುಗ್ಗಿತು. ತಾಂಡೇಲರು ಬೆಣೆಗೆ ಬಟ್ಟೆ ಸುತ್ತಿ ಆ ತೂತಿಗೆ ಇಟ್ಟು ಸುತ್ತಿಗೆಯಿಂದ ಹೊಡೆದರು, ಮತ್ತೆ ಮತ್ತೆ ಹೊಡೆದರು. ನೀರು ಸಣ್ಣದಾಯಿತು, ತೊಟ್ಟಿಕ್ಕಿತು, ನಿಂತಿತು. ಇಬ್ಬರೂ ಸೊಂಟದವರೆಗೆ ಒದ್ದೆ. ನನಗೆ ನಗು ಉಕ್ಕಿ ಬಂತು.

ಅವರು ನಗಲಿಲ್ಲ. ಮುರಿದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಆ ಕೆಂಪನ್ನು ಉಜ್ಜಿದರು.

"ನನ್ನ ಬೋಟಿಗೂ ಇದೇ ಆದದ್ದಾ?"

"ಇದೇ."

"ಹಾಗಾದರೆ ನಾನು ಬಂಡೆಗೆ ಹೊಡೆಸಲಿಲ್ಲ."

"ಇಲ್ಲ. ಬಂಡೆಯೇ ಇರಲಿಲ್ಲ."

ಅವರು ಅಲ್ಲೇ ಇಂಜಿನಿಗೆ ಒರಗಿ ಕುಳಿತು ಒದ್ದೆ ಕೈಗಳಿಂದ ಮುಖ ಮುಚ್ಚಿಕೊಂಡರು. ನಾನು ಏಣಿ ಹತ್ತಿ ಮೇಲೆ ಬಂದೆ. ಮಾಲೀಕರೂ ಅವರ ತಮ್ಮನೂ ಬೋಟು ಕಟ್ಟಿದ್ದ ದಕ್ಕೆಯ ಮೇಲೆ ನಿಂತಿದ್ದರು. ಮಾಲೀಕರು ತಾವೇ ಕೆಳಗೆ ಇಳಿದು ಹೋದರು. ಬ್ಯಾರಿ ಭಾಷೆಯಲ್ಲೋ ತುಳುವಿನಲ್ಲೋ ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಮೇಲೆ ಬರುವಾಗ ಮಾಲೀಕರ ಕೈ ತಾಂಡೇಲರ ಹೆಗಲ ಮೇಲಿತ್ತು.

ಕ್ಯಾಪ್ಟನ್ ಬರೆದ ವರದಿಯಲ್ಲಿ ಯಾರ ಮೇಲೂ ದೂರು ಇರಲಿಲ್ಲ. ಏನು ಮುರಿಯಿತು, ಯಾಕೆ ಮುರಿಯಿತು, ಇಂಜಿನಿನ ಸದ್ದಿನಲ್ಲಿ ನೀರು ತುಂಬುವುದು ಯಾಕೆ ಯಾರಿಗೂ ತಿಳಿಯಲಿಲ್ಲ, ಇನ್ನು ಮೇಲೆ ಏನು ಮಾಡಬೇಕು, ಅಷ್ಟೆ. ಆ ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡದಲ್ಲಿದ್ದಾಗ ನಾನೂ ಕ್ಯಾಪ್ಟನ್ ಅವರೂ ಚಾಕು ಹಿಡಿದು ಒಂದೊಂದರ ಹೊಟ್ಟೆಗೂ ಇಳಿದೆವು. ಕೆಂಪು ಕಂಡಲ್ಲೆಲ್ಲ ಹಿತ್ತಾಳೆ ಹೋಗಿ ಕಂಚು ಬಂತು.

ಮೀನುಗಾರಿಕೆ ಮತ್ತೆ ಶುರುವಾಗುವ ಮುನ್ನ ತಾಂಡೇಲರು ನನ್ನನ್ನು ಬೋಟಿಗೆ ಕರೆದರು. ರಿಪೇರಿಯಾಗಿ, ಬಣ್ಣ ಬಳಿದುಕೊಂಡು ಅದು ನೀರಿನಲ್ಲಿ ತೇಲುತ್ತಿತ್ತು. ಇಂಜಿನ್ ಕೋಣೆಯಲ್ಲಿ ನೀರು ಏರಿದರೆ ಕೂಗುವ ಅಲಾರಂ ಹೊಸದಾಗಿ ಕೂರಿಸಿದ್ದರು. ಅವರು ಬಕೆಟಿನಲ್ಲಿ ನೀರು ಮೊಗೆದು ಕೆಳಗೆ ಸುರಿದರು. ಏನೂ ಆಗಲಿಲ್ಲ. ಇನ್ನೊಂದು ಬಕೆಟ್ ಸುರಿದರು. ಬೋಟಿನವರೆಲ್ಲ ಉಸಿರು ಬಿಗಿಹಿಡಿದು ನಿಂತರು. ಮತ್ತೊಂದು ಬಕೆಟ್ ಬಿದ್ದದ್ದೇ ತಡ, ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಅಲಾರಂ ಬೊಬ್ಬೆ ಹಾಕಿತು. ಎಲ್ಲರೂ ಹೋ ಎಂದು ಕೂಗಿದರು. ನಾನೂ ಕೂಗಿದೆ.