ಜಾರುವ ಬಚ್ಚಲ

ಎಂಬತ್ತರ ದಶಕದಲ್ಲಿ ನಾನು ಶಿಗ್ಗಾವಿ ಕಡೆಯ ಒಂದು ದವಾಖಾನೆಯಲ್ಲಿ ನರ್ಸ್. ಹೊಡೆತದ ಗಾಯವಾದರೆ ಪೊಲೀಸರಿಗೆ ತಿಳಿಸಬೇಕು, ಜಾರಿ ಬಿದ್ದದ್ದಾದರೆ ಬೇಡ ಅನ್ನೋದು ನಿಯಮ. ಹೀಗಾಗಿ ನಮ್ಮಲ್ಲಿಗೆ ಬರುವ ಹೆಂಗಸರೆಲ್ಲ ಬಚ್ಚಲದಲ್ಲೇ ಜಾರಿ ಬೀಳುತ್ತಿದ್ದರು!

ಒಂದು ದಿನ ಹಿರೇಬೆಂಡಿಗೇರಿಯ ಶಾಂತವ್ವ ಹುಬ್ಬು ಒಡೆದುಕೊಂಡು ಬಂದಳು. ಮೂರು ಹೊಲಿಗೆ ಬಿದ್ದವು.

“ಹೆಂಗಾತವ್ವಾ ಇದು?”

“ಬಚ್ಚಲದಾಗ ಜಾರಿ ಬಿದ್ನಿರಿ ಅಕ್ಕಾರ.”

ನನಗೆ ರೇಗಿತು. “ಹೋದ ತಿಂಗಳೂ ಅಲ್ಲೇ ಬಿದ್ದಿದ್ದಿ. ಎಂಥಾ ಬಚ್ಚಲವ್ವಾ ಅದು?”

ಆಕೆ ಬಾಗಿಲ ಕಡೆ ನೋಡಿದಳು. ಹೊರಗೆ ಗಂಡ ಬೀಡಿ ಸೇದುತ್ತ ನಿಂತಿದ್ದ. ಅಷ್ಟು ನೋವಿನಲ್ಲೂ ಆಕೆಗೆ ನಗು ಬಂತು.

“ಆ ಬಚ್ಚಲಕ್ಕ ಮೀಸಿ ಅದಾವ್ರಿ. ಬರ್ಕೊಳ್ರಿ, ಏನರ ಆಗ್ಲಿ.”

ಬರೆದು ಠಾಣೆಗೆ ಕಳಿಸಿದೆ.

ಎಂಟು ದಿನಕ್ಕೆ ಹೊಲಿಗೆ ಬಿಚ್ಚಿಸಲು ಬಂದಳು. “ಬಚ್ಚಲ ಹೆಂಗೈತಿ?” ಅಂದೆ.

“ಈಗ ಜಾರೂದಿಲ್ರಿ. ಹವಾಲ್ದಾರ್ರು ಛಲೋತ್ನಂಗ ತಿಕ್ಕಿ ತೊಳದಾರ.”

ಅಂದಿನಿಂದ ಯಾರೇ ಜಾರಿ ಬಿದ್ದೆ ಅಂದರೂ ನಾನು ಮೊದಲು ಕೇಳುತ್ತಿದ್ದದ್ದು, “ಮೀಸಿ ಅದಾವೇನು?” ಅಂತ. ಒಮ್ಮೆ ನಿಜವಾಗಿಯೂ ಜಾರಿ ಬಿದ್ದಿದ್ದ ಮುದುಕಿಯೊಬ್ಬಳು ಗಾಬರಿಯಾಗಿ ತನ್ನ ಮೇಲ್ತುಟಿ ಸವರಿ ನೋಡಿಕೊಂಡಳು.