ಭಾವನ ತಡವಾದ ಏಟು

ನಮ್ಮ ಭಾವ ವಾರವಿಡೀ ಲೇತ್ ಮಷೀನಿನಲ್ಲಿ ಕಬ್ಬಿಣ ಕೊರೆಯುತ್ತಾರೆ, ರಜೆಯ ದಿನ ಡ್ರಮ್ ಬಡಿಯುತ್ತಾರೆ. ಕಿವಿ ಹೋಗುತ್ತದೆ ಎಂದು ಅಕ್ಕ ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ, ಅವರಿಗೆ ಕೇಳಿಸಿಲ್ಲ. ನಾನು ಬೇಸ್ ಗಿಟಾರ್. ಗಿಟಾರ್ ಹಿಡಿದು ಹಾಡುವವರು ಭಾವನ ಬಾಲ್ಯದ ಗೆಳೆಯ ಗುಡುಗಣ್ಣ. ನಮ್ಮ ಹೆವಿ ಮೆಟಲ್ ಬ್ಯಾಂಡ್ ಎಂದರೆ ಇಷ್ಟೇ ಜನ.

ಹನ್ನೊಂದು ವರ್ಷಗಳ ಮೇಲೆ ಹೊಸ ಆಲ್ಬಂ. ಭಾವ ಎರಡು ದಿನದಲ್ಲಿ ಒಂಬತ್ತೂ ಹಾಡಿಗೆ ಬಾರಿಸಿ ಮುಗಿಸಿದರು. ಮೂರನೆಯ ದಿನ ಸ್ಟುಡಿಯೋಗೆ ಹೋದರೆ, ರೆಕಾರ್ಡಿಂಗ್ ಮಾಡುವವನು ಅವರ ಒಂದೊಂದು ಏಟನ್ನೂ ಕಂಪ್ಯೂಟರಿನಲ್ಲಿ ಹಿಡಿದೆಳೆದು ತಾಳದ ಲೆಕ್ಕಕ್ಕೆ ಸರಿಯಾಗಿ ಕೂರಿಸಿದ್ದ.

"ಸಾಲು ಮುಗಿಯೋ ಕಡೆಯೆಲ್ಲ ತಡ ಮಾಡ್ತೀರಿ ಸಾರ್. ಸರಿ ಮಾಡಿದೀನಿ," ಎಂದ, ದೊಡ್ಡ ಉಪಕಾರ ಮಾಡಿದವನ ಹಾಗೆ.

ನನಗೆ ಮೈಯೆಲ್ಲ ಉರಿಯಿತು. ಭಾವ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತರು.

ಹಾಗೆ ತಿದ್ದಿದ ಡ್ರಮ್ಮಿಗೆ ಗುಡುಗಣ್ಣ ಹಾಡಲು ನಿಂತರು. ಮೊದಲ ಸಾಲು ಸರಿಹೋಯಿತು. ಎರಡನೆಯದಕ್ಕೆ ದಮ್ಮು ಸಾಲದೆ ಅರ್ಧಕ್ಕೇ ನಿಂತರು. ಮತ್ತೆ ಹಾಡಿದರು, ಮತ್ತೆ ನಿಂತರು. ಹದಿನೇಳು ಸಲ. ಗಾಜಿನಾಚೆ ತಮ್ಮನ್ನೇ ಬೈದುಕೊಳ್ಳುತ್ತಿದ್ದುದು ಸ್ಪೀಕರಿನಲ್ಲಿ ನಮಗೆಲ್ಲ ಕೇಳುತ್ತಿತ್ತು.

"ವಯಸ್ಸಾಯ್ತು, ಪಾಪ. ಸಂಜೆವರೆಗೂ ನೋಡೋಣ. ಆಗಲಿಲ್ಲ ಅಂದ್ರೆ ಬೇರೆಯವರ ಹತ್ರ ಹಾಡಿಸೋಣ," ಎಂದ ಆತ.

ಭಾವ ಎದ್ದು, ಒಳಕೋಣೆಗೆ ಮಾತು ಹೋಗುವ ಮೈಕ್ ಆಫ್ ಮಾಡಿದರು. "ನಾನು ತಪ್ಪಿ ತಡ ಮಾಡಿಲ್ಲಪ್ಪ. ಇಪ್ಪತ್ತು ವರ್ಷದ ಹಿಂದೆ ಅವನಿಗೆ ನ್ಯುಮೋನಿಯಾ ಆಗಿ ದಮ್ಮು ಕಮ್ಮಿಯಾಯ್ತು. ಆವತ್ತಿಂದ ಅವನು ಉಸಿರೆಳಕೊಳ್ಳಲಿ ಅಂತ ಸಾಲಿನ ಕೊನೇಲಿ ಒಂಚೂರು ತಡೀತೀನಿ. ಅವನಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಪಕ್ಕದಲ್ಲೇ ಬಾರಿಸುವ ನನಗೂ ಗೊತ್ತಿರಲಿಲ್ಲ. ಭಾವನ ಕೈ ಸೋತಿದೆ ಎಂದು ಎಷ್ಟು ಸಲ ಆಡಿಕೊಂಡಿದ್ದೆನೋ.

ಆತ ಗೊಣಗುತ್ತ ಭಾವ ಮೊದಲು ಬಾರಿಸಿದ್ದನ್ನೇ ವಾಪಸ್ ಹಾಕಿದ. ಗುಡುಗಣ್ಣ ಒಂದೇ ಏಟಿಗೆ ಹಾಡಿದರು. ಸಂಜೆಯೊಳಗೆ ನಾಲ್ಕು ಹಾಡು ಮುಗಿದವು.

ಆಲ್ಬಂ ಬಂತು. ಪತ್ರಿಕೆಯಲ್ಲಿ ಯಾರೋ ಬರೆದರು: ಹಾಡುಗಾರನ ಗಂಟಲಿಗೆ ಇನ್ನೂ ಇಪ್ಪತ್ತೈದರ ಪ್ರಾಯ, ಡ್ರಮ್ಮರ್ ಮಾತ್ರ ನಿವೃತ್ತಿಯಾಗುವುದು ಒಳ್ಳೆಯದು.

ಗುಡುಗಣ್ಣ ಅದನ್ನು ಹಿಡಿದುಕೊಂಡು ಮನೆಗೇ ಬಂದರು. ಹಿಗ್ಗಿ ಹೀರೇಕಾಯಿಯಾಗಿದ್ದರು. "ಬೇಜಾರು ಮಾಡ್ಕೋಬೇಡ ಕಣೋ. ಮುಂದಿನ ಸಲ ಸ್ವಲ್ಪ ಚುರುಕಾಗಿ ಹೊಡಿ. ಕಷ್ಟ ಆದ್ರೆ ಹೇಳು, ಬೇರೆ ಯಾರನ್ನಾದ್ರೂ ನೋಡೋಣ."

ನಾನು ಬಾಯಿ ತೆರೆದೆ. ಭಾವ ನನ್ನ ಮೊಣಕಾಲು ಅದುಮಿದರು.

"ಆಯ್ತು ಕಣೋ," ಎಂದರು ಅವರಿಗೆ, "ಪ್ರಾಕ್ಟೀಸ್ ಮಾಡ್ತೀನಿ."