ತಿಳಿಯಾದ ಚರಂಡಿ

ನನ್ನ ಭಾವನನ್ನು ಬೀದಿಯವರೆಲ್ಲ ಮಸಿಯಪ್ಪ ಎನ್ನುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೊಳಕು ನೀರಿನ ಉಸ್ತುವಾರಿ ಅವರದು. ಕಡಲೆಕಾಯಿ ಸಿಪ್ಪೆಯನ್ನು ಗಾಳಿಯಾಡದ ಪೀಪಾಯಿಯಲ್ಲಿ ಸುಟ್ಟು ಇದ್ದಿಲು ಮಾಡಿ, ತೊಳೆದು, ತೊಟ್ಟಿಗೆ ತುಂಬಿ, ಅದರ ಮೂಲಕ ಬಣ್ಣದ ನೀರನ್ನು ಇಳಿಸುತ್ತಿದ್ದರು. ಬಣ್ಣವನ್ನು ಇದ್ದಿಲು ಹಿಡಿದುಕೊಳ್ಳಬೇಕು. ವರ್ಷಗಟ್ಟಲೆ ಊಟ ನಿದ್ದೆ ಬಿಟ್ಟು ಒದ್ದಾಡಿದ ಮೇಲೆ ಒಂದು ದಿನ ತಿಳಿನೀರು ಚರಂಡಿಗೆ ಬಿತ್ತು. ಭಾವ ಮಗುವಿನ ಹಾಗೆ ಕುಣಿದರು.

ಬೀದಿಗೆ ಮಾತ್ರ ಸಿಡಿಲು ಬಡಿದಂತಾಯಿತು. ಚರಂಡಿ ಕೆಂಪಗೋ ನೀಲಿಯಾಗೋ ಹರಿದರೆ ಕಾರ್ಖಾನೆ ನಡೆಯುತ್ತಿದೆ ಎಂದು ನಂಬಿಕೊಂಡು ಬಂದ ಜನ. ತಿಳಿನೀರು ಕಂಡದ್ದೇ ತಡ, ಬಾಗಿಲು ಮುಚ್ಚಿತೆಂದು ಗುಲ್ಲೆಬ್ಬಿಸಿದರು. ಒಳಗೆ ಯಂತ್ರಗಳು ಗುಡುಗುತ್ತಿದ್ದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸ ಹೋಯಿತಲ್ಲ ಎಂದು ಭಾವನಿಗೆ ಸಮಾಧಾನ ಹೇಳಲು ಬಂದ ನೆರೆಯವರು, ಭಾವ ಕೆಲಸಕ್ಕೆ ಹೋಗಿದ್ದರಿಂದ ಕಾದು ಕೂತರು. ಭಾವನ ಮಗಳನ್ನು ಒಪ್ಪಿದ್ದ ಹುಡುಗನ ಅಪ್ಪನೂ ಸಂಬಂಧ ಬೇಡ ಎಂದುಬಿಟ್ಟರು. ಹುಡುಗಿಗೋ ಆ ಹುಡುಗನೆಂದರೆ ಪ್ರಾಣ.

"ಒಂದು ಬಕೆಟ್ ಬಣ್ಣ ಹಾಗೇ ಬಿಡ್ರೀ, ನಿಮ್ಮ ಗಂಟೇನು ಹೋಗುತ್ತೆ?" ಎಂದು ಅಕ್ಕ ಅಂಗಲಾಚಿದಳು. ಭಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಹುಡುಗನ ಅಪ್ಪ ಚರಂಡಿಯನ್ನು ಇನ್ನೊಮ್ಮೆ ನೋಡಿಹೋಗಲು ಬಂದ ದಿನ, ಅಕ್ಕ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಒಗೆದಾಗೆಲ್ಲ ಬಣ್ಣ ಬಿಡುವ ಬಟ್ಟೆಗಳನ್ನು ನೆನೆಸಿ, ಆ ನೀರನ್ನು ಕಾರ್ಖಾನೆಯ ಕೊಳವೆಯ ಬಾಯಲ್ಲೇ ಸುರಿದಳು. ಚರಂಡಿ ನೇರಳೆಯಾಯಿತು. ಹುಡುಗನ ಅಪ್ಪ ಬಗ್ಗಿ ನೋಡಿ, "ಈಗ ಸರಿ. ಜೋರಾಗೇ ನಡೀತಿದೆ" ಎಂದು ಮೀಸೆ ತಿರುವಿದರು.

ಅಷ್ಟರಲ್ಲಿ ಭಾವನೂ ಆ ನೀರನ್ನು ನೋಡಿಬಿಟ್ಟಿದ್ದರು. ಕಾರ್ಖಾನೆಯ ಗೋಡೆಯಾಚೆ ಅಳುವ ಸದ್ದು ಕೇಳಿ ಎಲ್ಲರೂ ಒಳಗೆ ಓಡಿದೆವು. ಇದ್ದಿಲು ಕೈಕೊಟ್ಟಿತೆಂದು ತಿಳಿದು ಭಾವ ತೊಟ್ಟಿಗಿಳಿದು, ಅದನ್ನೆಲ್ಲ ಬರಿಗೈಯಲ್ಲಿ ಬಾಚಿ ಹೊರಗೆಸೆಯುತ್ತಿದ್ದರು. "ನನ್ನಿಂದ ಆಗಲಿಲ್ಲ" ಎಂದು ಬಿಕ್ಕುತ್ತಿದ್ದರು. ನಿಜ ಹೇಳಬೇಡಿ ಎಂದು ಅಕ್ಕ ಎಲ್ಲರನ್ನೂ ಕಣ್ಣಲ್ಲೇ ಗದರಿಸುತ್ತಿದ್ದಳು.

ಹುಡುಗಿ ತೊಟ್ಟಿಯ ಅಂಚಿಗೆ ಹೋಗಿ ಕೂಗಿದಳು: "ಅಪ್ಪಾ, ನಿನ್ನ ಇದ್ದಿಲಿಗೆ ಏನೂ ಆಗಿಲ್ಲ. ಬಣ್ಣ ಸುರಿದಿದ್ದು ಅಮ್ಮ!"

ಹುಡುಗನ ಅಪ್ಪ ಗುಡುಗುತ್ತಿದ್ದ ಯಂತ್ರಗಳನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಹಾಗಾದ್ರೆ ಕಾರ್ಖಾನೆ ಮುಚ್ಚಿರೋದು ನಿಜ" ಎಂದು ಹೊರಟೇಹೋದರು.

ಹುಡುಗಿ ಕಣ್ಣೊರೆಸಿಕೊಂಡು, ಚೆಲ್ಲಿದ್ದ ಇದ್ದಿಲನ್ನು ಬುಟ್ಟಿಗೆ ತುಂಬತೊಡಗಿದಳು. ತೊಟ್ಟಿಯೊಳಗಿಂದ ಭಾವ ಕೇಳಿದರು, "ಬಣ್ಣ ಒಂದು ಹನೀನೂ ಸೋರಿಲ್ಲ ತಾನೇ?"

"ಒಂದು ಹನೀನೂ ಇಲ್ಲಪ್ಪ" ಎಂದು ಅವಳು ತುಂಬಿದ ಬುಟ್ಟಿಯನ್ನು ತೊಟ್ಟಿಯೊಳಕ್ಕೆ ಇಳಿಸಿದಳು.